ಕುತುಬುದ್ದೀನ ಮಿಸ್ತ್ರಿಯ ಕಿವಿ

ಮೊದಲೇ ಹೇಳಿಬಿಡುತ್ತೇನೆ, ಈ ಕತೆಯಲ್ಲಿ ನಾನು ಒಳ್ಳೆಯವನಲ್ಲ. ಕುತುಬುದ್ದೀನ ಮಿಸ್ತ್ರಿಯ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕುಳಿತಾಗಲೆಲ್ಲ ನನ್ನ ಹೇಡಿತನವೂ ಹಾಳೆಯ ಮೇಲೆ ಬಂದು ಕೂಡುತ್ತಿತ್ತು. ಅದನ್ನು ಬಿಟ್ಟು ಬರೆಯಲು ಎರಡು ಸಲ ನೋಡಿದೆ, ಆಗಲಿಲ್ಲ. ಇರಲಿ, ಬಂದದ್ದು ಬರಲಿ.

ನಾನು ರಾಮಚಂದ್ರ. ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದ ಮಾಸ್ತರ. ಇಂಡಿಯಿಂದ ಝಳಕಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಲಿಂಬೆ ತೋಟವಿದೆ. ಲಿಂಬೆ ಚೀಲಗಳನ್ನು ಸೊಲ್ಲಾಪುರದ ಮಾರ್ಕೆಟ್ಟಿಗೆ ಒಯ್ಯಲು ಒಂದು ಡೀಸೆಲ್ ಪಿಕಪ್ ಗಾಡಿಯಿದೆ, ಗಾಡಿಗೆ ಯುನೂಸ ಎಂಬ ಡ್ರೈವರ್ ಇದ್ದಾನೆ. ಯುನೂಸನಿಗೆ ನಲವತ್ತೈದು ವರ್ಷ, ಮೂರು ಮಕ್ಕಳ ತಂದೆ, ಆದರೂ ಮಿಸ್ತ್ರಿಯ ಹೆಸರು ಹೇಳಿದರೆ ಸಾಕು, ಲೆಕ್ಕ ಬಾರದ ಹುಡುಗನಂತೆ ತಲೆ ಕೆರೆಯುತ್ತಾನೆ.

ಕುತುಬುದ್ದೀನ ಝಳಕಿಯಲ್ಲಿ ಹೈವೇ ಬದಿಗೆ ಗ್ಯಾರೇಜ್ ಇಟ್ಟು ಮೂವತ್ತು ವರ್ಷದ ಮೇಲಾಯಿತು. ಮುಂದೆ ತಗಡಿನ ಶೆಡ್ಡು, ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಕಿಡಕಿ ನೇರ ಶೆಡ್ಡಿನೊಳಗೆ ತೆರೆದುಕೊಳ್ಳುತ್ತದೆ. ಮಿಸ್ತ್ರಿ ಒಣಕಲು ಆಳು, ಗಡ್ಡ ಬೆಳ್ಳಗೆ, ಬೆರಳುಗಳು ಮಾತ್ರ ಕಪ್ಪು. ಅವನ ಆಸ್ತಿಯೆಂದರೆ ಎರಡು ಅಡಿ ಉದ್ದದ ಒಂದು ಕಬ್ಬಿಣದ ಸಲಾಕೆ. ಅದರ ಒಂದು ತುದಿಯನ್ನು ಇಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಾನೆ. ಎರಡು ನಿಮಿಷದಲ್ಲಿ ರೋಗ ಹೇಳಿಬಿಡುತ್ತಾನೆ. ಒಮ್ಮೆ ನಾವಿಬ್ಬರೂ ಚಹಾ ಕುಡಿಯುತ್ತ ಕುಳಿತಾಗ ಹೈವೇಯಲ್ಲಿ ಒಂದು ಬಸ್ಸು ಹಾದುಹೋಯಿತು. ಇವನು ತಲೆ ಎತ್ತದೆ, "ಅದರ ಮೂರನೇ ಸಿಲಿಂಡರ್ ದಣದೈತ್ರಿ ಮಾಸ್ತರ, ಎಂಟ ದಿನದಾಗ ನಿಂದರ್ತೈತಿ" ಎಂದ. ನಾನು ನಕ್ಕೆ. ಆರನೆಯ ದಿನ ಅದೇ ಬಸ್ಸು ಕೆಟ್ಟು ರಸ್ತೆ ಬದಿಗೆ ನಿಂತಿತ್ತು. ನಾನು ಫಿಜಿಕ್ಸ್ ಓದಿದವನು, ಸದ್ದೆಂದರೆ ಏನು ಎಂದು ಹುಡುಗರಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದವನು. ಅಂದಿನಿಂದ ಆ ವಿಷಯದಲ್ಲಿ ಅವನ ಮುಂದೆ ಬಾಯಿ ಬಿಡಲಿಲ್ಲ.

ಕಿವಿ ಹಂಗಿದ್ದರೆ ಬಾಯಿ? ಅಯ್ಯೋ, ಆ ಬಾಯಿ! ಗಾಡಿಗೆ ಅನ್ಯಾಯ ಮಾಡಿದವರನ್ನು ಕಂಡರೆ ಅವನ ಮೈಯೆಲ್ಲ ಉರಿಯುತ್ತಿತ್ತು. "ಏ ಹುಚ್ಚಖೋಡಿ, ಇಂಜಿನ್ ಆಯಿಲ್ ಬದಲಿ ಮಾಡಿ ಎಷ್ಟ ವರ್ಷ ಆತೋ? ನಿನ್ನ ಮೈಮ್ಯಾಲಿನ ಅರಬಿನರ ಬದಲಿ ಮಾಡ್ತಿಯೋ ಇಲ್ಲೋ?" ಎಂದು ಹತ್ತು ಮಂದಿಯ ಎದುರಿಗೆ ಕೂಗುತ್ತಿದ್ದ. ಗಾಡಿ ಮಾತ್ರ ಅಷ್ಟು ಚೊಕ್ಕ ಮಾಡಿಕೊಡುತ್ತಿದ್ದ, ಜನ ಬೈಸಿಕೊಂಡರೂ ಮತ್ತೆ ಅಲ್ಲಿಗೇ ಬರುತ್ತಿದ್ದರು.

ಬರುತ್ತಿದ್ದುದಕ್ಕೆ ಇನ್ನೊಂದು ಕಾರಣವಿತ್ತು, ಅವನ ಹೆಂಡತಿ ಸಗೀರಾ. ಅಡುಗೆಮನೆಯ ಆ ಕಿಡಕಿಯ ಹಿಂದೆ ಒಂದು ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದಳು, ಅಕ್ಕಿ ಆರಿಸುತ್ತಲೋ ಬೆಳ್ಳುಳ್ಳಿ ಸುಲಿಯುತ್ತಲೋ. ಗಾಡಿ ತಂದವರು ಮಿಸ್ತ್ರಿಗೆ ಹೇಳಲಾಗದ್ದನ್ನು ಅವಳಿಗೆ ಹೇಳುತ್ತಿದ್ದರು. "ಭಾಬಿ, ಡೀಸೆಲ್ಲಿನ್ಯಾಗ ಸೀಮಿ ಎಣ್ಣಿ ಕೂಡಿಸಿ ಹೊಡದೇನ್ರಿ, ಮಿಸ್ತ್ರಿಗೆ ನೀವ ಹೇಳ್ರಿ." ಅವಳು ತಲೆಯಾಡಿಸುತ್ತಿದ್ದಳು. ಮಧ್ಯಾಹ್ನ ಉಣ್ಣಲು ಬಡಿಸುವಾಗ ಗಂಡನಿಗೆ ಹೇಳುತ್ತಿದ್ದಳು. ಅವನು ಬೈಯುವುದನ್ನೆಲ್ಲ ಅವಳಿಗೇ ಬೈದು, ಕೈ ತೊಳೆದು ಬಂದು, ಸುಮ್ಮನೆ ಗಾಡಿ ರಿಪೇರಿ ಮಾಡುತ್ತಿದ್ದ. ಒಮ್ಮೆ ನಾನೇ ನನ್ನ ಡೀಸೆಲ್ ಜೀಪಿಗೆ ಪೆಟ್ರೋಲ್ ತುಂಬಿಸಿ ಕೆಡಿಸಿಕೊಂಡು ಬಂದು ಆ ಕಿಡಕಿಗೆ ನಿಂತಿದ್ದೆ. ವಿಜ್ಞಾನದ ಮಾಸ್ತರ! ಒಳಗೆ ಮಿಸ್ತ್ರಿ ಕೂಗಾಡುವುದು, ಅವಳು ನಗುವುದು ಎರಡೂ ಕೇಳಿಸಿತ್ತು. ಮರುದಿನ ಅವನು ನನಗೆ ಒಂದು ಮಾತೂ ಅನ್ನಲಿಲ್ಲ.

ನಾಲ್ಕು ವರ್ಷದ ಹಿಂದೆ ಸಗೀರಾ ಕಿಡ್ನಿಯ ಬೇನೆಯಿಂದ ತೀರಿಕೊಂಡಳು. ಅವರಿಗೆ ಮಕ್ಕಳಿಲ್ಲ. ಸಿಂದಗಿಯಲ್ಲಿ ಇವನ ಅಕ್ಕ ಇಮಾಮಬಿ ಇದ್ದಾಳೆ. ಬಂದುಬಿಡು ಎಂದು ಅವಳು ಆಗಲೇ ಕರೆದಳು, ಇವನು ಹೋಗಲಿಲ್ಲ. ಆ ಸ್ಟೂಲು ಕಿಡಕಿಯ ಹಿಂದೆ ಹಾಗೇ ಇತ್ತು. ಒಲೆ ಹೊತ್ತಿಸುವುದನ್ನು ಬಿಟ್ಟ. ಎದುರಿನ ಅಮೀನಾಬಿಯ ಅಂಗಡಿಯಿಂದ ಎರಡು ರೊಟ್ಟಿ, ಚಟ್ನಿ ಬರುತ್ತಿದ್ದವು. ನಾನು ವಾರಕ್ಕೆ ಮೂರು ನಾಲ್ಕು ಸಲ ಹೋಗಿ ಕೂಡುತ್ತಿದ್ದೆ. ಅಮೀನಾಬಿ ಒಂದು ಕಪ್ಪು ಚಹಾ ಕಳಿಸುತ್ತಿದ್ದಳು. ಅವನು ಅರ್ಧವನ್ನು ಬಶಿಗೆ ಸುರಿದು ನನ್ನ ಕಡೆ ಸರಿಸಿ, ಉಳಿದ ಅರ್ಧ ತಾನು ಕಪ್ಪಿನಿಂದ ಕುಡಿಯುತ್ತಿದ್ದ. ಇಪ್ಪತ್ತು ವರ್ಷದಿಂದ ಅದೇ ರೂಢಿ. ನನಗೆ ಬಶಿ, ಅವನಿಗೆ ಕಪ್ಪು.

ಇನ್ನು ಆ ಡಬ್ಬಿಯ ವಿಷಯ. ಇಂಡಿಯಲ್ಲಿ ಮುಬಿನ ಎಂಬಾತ ಗಾಡಿಗಳಿಗೆ ಚಿಪ್ ಕೂಡಿಸುವ ಅಂಗಡಿ ತೆರೆದ. ನಮ್ಮ ಡ್ರೈವರುಗಳು ಅದನ್ನು 'ಪವರ್ ಡಬ್ಬಿ' ಎನ್ನುತ್ತಾರೆ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಕರಿಯ ಬಣ್ಣ, ಎರಡು ವೈರು. ಈಗಿನ ಡೀಸೆಲ್ ಇಂಜಿನ್ನಿಗೆ ಒಂದು ಕಂಪ್ಯೂಟರ್ ಇರುತ್ತದೆ, ಪೈಪಿನಲ್ಲಿ ಡೀಸೆಲ್ಲಿನ ಒತ್ತಡ ಎಷ್ಟಿದೆ ಎಂದು ಅದಕ್ಕೆ ತಿಳಿಸಲು ಒಂದು ಸೆನ್ಸರ್ ಇರುತ್ತದೆ. ಈ ಡಬ್ಬಿ ಅವೆರಡರ ನಡುವೆ ಕೂತು, ಒತ್ತಡ ಇದ್ದದ್ದಕ್ಕಿಂತ ಕಡಿಮೆ ಇದೆಯೆಂದು ಸುಳ್ಳು ಹೇಳುತ್ತದೆ. ಕಂಪ್ಯೂಟರ್ ನಂಬಿ ಇನ್ನಷ್ಟು ಒತ್ತಡದಿಂದ ಡೀಸೆಲ್ ನೂಕುತ್ತದೆ. ಗಾಡಿ ಹಾರುತ್ತದೆ, ಕೆಲವು ದಿನ. ಆಮೇಲೆ ಒಳಗೊಳಗೇ ಸುಡುತ್ತದೆ.

ಡಬ್ಬಿ ಹೊಸದಾಗಿ ಬಂದಾಗ ಕಬ್ಬಿನ ಗಾಡಿಯ ಡ್ರೈವರೊಬ್ಬ ಅದನ್ನು ಹಾಕಿಕೊಂಡೇ ಝಳಕಿಗೆ ಬಂದಿದ್ದ. ಮಿಸ್ತ್ರಿ ವೈರು ಕಿತ್ತು, ಡಬ್ಬಿಯನ್ನು ಹೈವೇ ಅಂಚಿಗಿಟ್ಟು ಸುತ್ತಿಗೆಯಿಂದ ಪುಡಿ ಮಾಡಿದ. "ಇಂಜಿನ್ನಿಗೆ ಸುಳ್ಳ ಹೇಳಿ ದುಡಿಸ್ತಿಯೇನೋ? ನಿಮ್ಮಪ್ಪಗರ ಖರೇ ಹೇಳಿದ್ದೀಯೇನೋ?" ಎಂದು ಅವನ ನೀರಿಳಿಸಿಬಿಟ್ಟ. ಆ ಸುದ್ದಿ ಚಡಚಣದವರೆಗೂ ಹೋಯಿತು. ಅಂದಿನಿಂದ ಒಂದು ಪದ್ಧತಿ ಬೆಳೆಯಿತು. ಝಳಕಿ ಇನ್ನೂ ಒಂದು ಕಿಲೋಮೀಟರ್ ಇರುವಾಗ ರಸ್ತೆಯ ಎಡಕ್ಕೆ ಒಂದು ದೊಡ್ಡ ಬೇವಿನ ಗಿಡವಿದೆ. ಮಿಸ್ತ್ರಿಯ ಕಡೆ ಹೋಗುವ ಗಾಡಿ ಅಲ್ಲಿ ನಿಲ್ಲಬೇಕು. ಡ್ರೈವರ್ ಬಾನೆಟ್ ಎತ್ತಿ, ಡಬ್ಬಿಯ ಪಿನ್ ಕಿತ್ತು, ಹಳೆಯ ಪಿನ್ ಕೂಡಿಸಿ, ಡಬ್ಬಿಯನ್ನು ಸೀಟಿನ ಕೆಳಗೆ ಅಡಗಿಸಬೇಕು. ಗುಡಿಗೆ ಹೋಗುವವರು ಚಪ್ಪಲಿ ಬಿಡುವಷ್ಟು ಸಹಜವಾಗಿ ಮಾಡುತ್ತಿದ್ದರು. ಕಂಪ್ಯೂಟರಿನ ನೆನಪಿನಲ್ಲಿ ಉಳಿದ ದೋಷದ ಗುರುತನ್ನು ಅಳಿಸಿಹಾಕಲು ಒಂದು ಸಣ್ಣ ಯಂತ್ರವನ್ನೂ ಮುಬಿನ ತನ್ನ ಗಿರಾಕಿಗಳಿಗೆ ಕೊಟ್ಟಿದ್ದ.

ನಮ್ಮ ಪಿಕಪ್ಪಿಗೂ ಡಬ್ಬಿ ಬಂತು. ಯುನೂಸ ಎರಡು ತಿಂಗಳು ನನ್ನ ತಲೆ ತಿಂದ. "ಎಲ್ಲಾರೂ ಹಾಕಿಸ್ಯಾರ್ರಿ ಮಾಸ್ತರ. ಭೀಮಾ ದಾಟಿದ ಮ್ಯಾಲ ಆ ಏರಿನ್ಯಾಗ ನಮ್ಮ ಗಾಡಿನ ಎತ್ತಿನ ಬಂಡಿ ಆಗೇತ್ರಿ." ಹಾಕಿಸು ಮಾರಾಯ ಎಂದೆ. ಮಿಸ್ತ್ರಿಗೆ ಹೇಳಬೇಡವೆಂದು ನಾನೇ ಅವನಿಗೆ ತಾಕೀತು ಮಾಡಿದೆ. ಹೌದು, ನಾನೇ.

ಮೂರು ತಿಂಗಳು ಗಾಡಿ ಕುದುರೆಯಾಗಿತ್ತು. ಆಮೇಲೆ ಏರಿನಲ್ಲಿ ಕಪ್ಪು ಹೊಗೆ ಉಗುಳತೊಡಗಿತು. ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಇಂಜಿನ್ನಿನ ಎಚ್ಚರಿಕೆ ದೀಪ ಹೊತ್ತಿ, ಜೀವ ಹೋದವರಂತೆ ಮೆತ್ತಗಾಗಿ, ಇಪ್ಪತ್ತರ ವೇಗಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಯುನೂಸ ಬೇವಿನ ಗಿಡದ ಕೆಳಗೆ ಡಬ್ಬಿ ಬಿಚ್ಚಿ ಝಳಕಿಗೆ ಒಯ್ದ. ಮಿಸ್ತ್ರಿ ಸಲಾಕೆ ಹಚ್ಚಿ ಕೇಳಿದ. ಸದ್ದು ಸರಿಯಾಗಿತ್ತು. ಆಯಿಲ್ ತೆಗೆದು ಮೂಗಿಗೆ ಹಿಡಿದ, ಡೀಸೆಲ್ ವಾಸನೆ ಬಂತು. ಇಂಜೆಕ್ಟರ್ ಬಿಚ್ಚಿದ, ತುದಿ ಸುಟ್ಟಿತ್ತು. ಶುಚಿ ಮಾಡಿದ, ಫಿಲ್ಟರ್ ಬದಲಿಸಿದ, ಪಂಪನ್ನು ವಿಜಯಪುರಕ್ಕೆ ಕಳಿಸಿ ನೋಡಿಸಿದ. ಗಾಡಿಯನ್ನು ಧೂಳಖೇಡದವರೆಗೆ ತಾನೇ ಓಡಿಸಿಕೊಂಡು ಬಂದ, ಒಂದು ಚೂರೂ ತಕರಾರಿಲ್ಲ. ಮರುದಿನ ಯುನೂಸ ಡಬ್ಬಿ ಕೂಡಿಸಿದ, ಎಂಟು ದಿನಕ್ಕೆ ಮತ್ತೆ ಅದೇ ಗೋಳು.

ನಮ್ಮದೊಂದೇ ಅಲ್ಲ. ಆ ವರ್ಷ ಹತ್ತು ಹದಿನೈದು ಗಾಡಿಗಳು ಹೀಗೇ ಬಂದವು, ಹೀಗೇ ಹೋದವು, ಮತ್ತೆ ಬಂದವು. ಎಲ್ಲದರ ಒಳಗೂ ಸುಟ್ಟ ಗುರುತು, ಯಾವುದರ ಹೊರಗೂ ಸದ್ದಿಲ್ಲ. "ಮಿಸ್ತ್ರಿಗೆ ವಯಸ್ಸಾತು, ಈಗಿನ ಗಾಡಿ ಅವಗ ತಿಳಿಯೂದಿಲ್ಲ" ಎಂದು ಅಮೀನಾಬಿಯ ಅಂಗಡಿಯಲ್ಲಿ ಡ್ರೈವರುಗಳೇ ಮಾತಾಡಿಕೊಂಡರು. ಡಬ್ಬಿ ಸೀಟಿನ ಕೆಳಗಿಟ್ಟುಕೊಂಡು ಹಾಗೆ ಮಾತಾಡಿದರು! ನನಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡುವ ಮೋರೆ ನನಗಿತ್ತೆ? ಚಹಾ ಕುಡಿದು ಎದ್ದು ಬಂದೆ.

ಒಂದು ದಿನ ಬಶಿ ನನ್ನ ಕಡೆ ಸರಿಸುತ್ತ ಮಿಸ್ತ್ರಿ ಹೇಳಿದ: "ಮಾಸ್ತರ, ನನ್ನ ಕಿವಿ ಹೋಗ್ಯಾವ್ರಿ."

"ಹುಚ್ಚ ಏನ ನೀನು? ನಾ ಇಷ್ಟ ಮೆತ್ತಗ ಮಾತಾಡಿದ್ದ ಕೇಳ್ತೈತಿ."

"ಮಾತ ಕೇಳ್ತೈತ್ರಿ. ಇಂಜಿನ್ ಒಳಗ ಏನ ನಡದೈತಿ ಅದ ಕೇಳವಲ್ದು. ಒಳಗ ಉರಿಯಾಕತ್ತೈತಿ, ಕಣ್ಣಿಗೆ ಕಾಣ್ತೈತಿ. ಸಲಾಕಿ ಹಚ್ಚಿದ್ರ ಸುಮ್ಮನ ಐತಿ. ಹಂಗಂದ್ರ ತಪ್ಪ ಯಾರದ ಹೇಳ್ರಿ? ಇಂಜಿನ್ ಸುಳ್ಳ ಹೇಳೂದಿಲ್ಲ."

ನಾನು ಬಶಿಯ ಚಹಾ ಕುಡಿದೆ.

ವಿಜಯಪುರದ ಕಿವಿ ಡಾಕ್ಟರರ ಕಡೆ ಅವನನ್ನು ನಾನೇ ಕರೆದೊಯ್ದೆ. ಕಿವಿಗೆ ಮುಚ್ಚಳ ಹಾಕಿ, ಗಾಜಿನ ಕೋಣೆಯಲ್ಲಿ ಕೂಡಿಸಿ, ಸಣ್ಣ ಸಣ್ಣ ಸದ್ದು ಕೇಳಿಸಿದರು. ಕೇಳಿದಾಗಲೆಲ್ಲ ಬೆರಳೆತ್ತಬೇಕು. ಗಾಜಿನ ಆಚೆ ಅವನು ಆ ಕರಿಯ ಬೆರಳನ್ನು ಎತ್ತುತ್ತ, ಇಳಿಸುತ್ತ, ಪರೀಕ್ಷೆಗೆ ಕೂತ ಹುಡುಗನ ಹಾಗೆ ಹೆದರಿದ್ದ. ನನಗೆ ನೋಡಲಾಗಲಿಲ್ಲ. ಕಿವಿ ಚೆನ್ನಾಗಿದೆ, ಈ ವಯಸ್ಸಿಗೆ ಇಷ್ಟು ಚೆನ್ನಾಗಿರುವುದೇ ಅಪರೂಪ ಎಂದರು ಡಾಕ್ಟರು. ಬಸ್ಸಿನಲ್ಲಿ ಬರುವಾಗ ಅವನು ಕಿಡಕಿಯ ಹೊರಗೆ ನೋಡುತ್ತ, "ಅವರ ಯಂತ್ರ ಕೂಂಯ್ ಅಂತೈತ್ರಿ. ಕೂಂಯ್ ಅನ್ನೂದು ಯಾರಿಗರ ಕೇಳ್ತೈತಿ" ಎಂದ. ಆ ಬಸ್ಸಿನಲ್ಲಿ ನಾನು ಅವನ ಪಕ್ಕದಲ್ಲೇ ಕೂತಿದ್ದೆ. ಒಂದೂವರೆ ತಾಸಿನ ದಾರಿ. ಒಂದೇ ಒಂದು ಮಾತು ಸಾಕಿತ್ತು. ಅದನ್ನು ಹೇಳಲಿಲ್ಲ. ಬೈಗುಳಕ್ಕೆ ಹೆದರಿದೆನೋ, ಇಷ್ಟು ದಿನ ಸುಮ್ಮನಿದ್ದೆನಲ್ಲ ಎಂಬ ನಾಚಿಕೆಗೋ, ನನಗೇ ಗೊತ್ತಿಲ್ಲ.

ಮುಂದಿನ ಸೋಮವಾರ ಹೋದಾಗ ಗ್ಯಾರೇಜ್ ಅರ್ಧ ಖಾಲಿಯಾಗಿತ್ತು. ಬೋಲ್ಟು ಬಿಚ್ಚುವ ಪಾನಾಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿದ್ದ.

"ಶುಕ್ರವಾರದಿಂದ ಬಾಗಿಲ ತೆಗೆಯೂದಿಲ್ರಿ. ಸಿಂದಗಿಗೆ ಹೊಂಟೇನಿ. ಅಕ್ಕನ ಮನ್ಯಾಗ ಒಂದ ಮೂಲಿ ಐತಿ" ಎಂದ. ಆಮೇಲೆ ಗೋಡೆಗೆ ಒರಗಿಸಿದ್ದ ಸಲಾಕೆಯನ್ನು ತಂದು ನನ್ನ ಕೈಗಿಟ್ಟ. "ಇದನ ನೀವ ಒಯ್ರಿ. ತ್ವಾಟದಾಗ ಯಾವದರ ಲಿಂಬಿ ಗಿಡಕ್ಕ ಆಸರ ಹಚ್ಚರಿ."

ಸಲಾಕೆಯ ಒಂದು ತುದಿ ಕನ್ನಡಿಯಂತೆ ನುಣುಪಾಗಿತ್ತು, ಮೂವತ್ತು ವರ್ಷ ಕಿವಿಗೆ ಹಚ್ಚಿ ಹಚ್ಚಿ. ಮನೆಗೆ ತಂದು ಬಾಗಿಲ ಹಿಂದೆ ಇಟ್ಟೆ. ಹೆಂಡತಿ ಸಾವಿತ್ರೀಬಾಯಿ ಇದೇನು ಎಂದು ಕೇಳಿದಳು. ಅವಳಿಗೆ ಎಲ್ಲವನ್ನೂ ಹೇಳಿದೆ. "ನಿಮಗ ನಾಚಿಕಿ ಅನ್ನೂದು ಏನರ ಐತೇನು?" ಎಂದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಯುನೂಸನಿಗೆ ಹೇಳಿದೆ: "ಗಾಡಿ ತಗಿ. ಡಬ್ಬಿ ಇರ್ಲಿ. ಬೇವಿನ ಗಿಡದ ಹತ್ರ ನಿಂದರಸಬ್ಯಾಡ, ಸೀದಾ ನಡಿ."

ಅವನು ತಲೆ ಕೆರೆದ. "ಮಾಸ್ತರ, ಬೇಕಾದ್ರ ನನ್ನ ಕೆಲಸದಿಂದ ತಗೀರಿ. ಡಬ್ಬಿ ಇಟಗೊಂಡು ಅವನ ಮುಂದ ನಾ ಹೋಗಂಗಿಲ್ರಿ." ಗೊಣಗುತ್ತಲೇ ಗಾಡಿ ತೆಗೆದವನು ಬೇವಿನ ಗಿಡದ ಹತ್ತಿರ ಬಂದದ್ದೇ ನಿಲ್ಲಿಸಿ, ಕೀಲಿ ನನ್ನ ತೊಡೆಯ ಮೇಲಿಟ್ಟು, ಇಳಿದು ಗಿಡದ ಕೆಳಗೆ ಕೂತೇಬಿಟ್ಟ. ನಾನು ಬೈದುಕೊಳ್ಳುತ್ತ ಸ್ಟೇರಿಂಗ್ ಹಿಡಿದೆ. ಉಳಿದ ಒಂದು ಕಿಲೋಮೀಟರ್ ಎರಡನೇ ಗೇರಿನಲ್ಲೇ ಓಡಿಸಿದೆ.

ಮಿಸ್ತ್ರಿ ಶೆಡ್ಡಿನ ಕಸ ಗುಡಿಸುತ್ತಿದ್ದ. ನನ್ನ ಕೈಯಲ್ಲಿದ್ದದ್ದನ್ನು ನೋಡಿ, "ಸಲಾಕಿ ಯಾಕ ತಂದ್ರಿ? ಗಿಡಕ್ಕ ಹಚ್ಚರಿ ಅಂದಿದ್ನೆಲ್ಲಾ" ಎಂದ.

"ಗಿಡಕ್ಕ ಗಿಡ್ಡ ಆತು. ಕಡೀ ಸಲ ನನ್ನ ಗಾಡಿ ಒಂದಿಷ್ಟ ಕೇಳು. ಬ್ಯಾಡ ಅನ್ನಬ್ಯಾಡ."

ಒಲ್ಲದ ಮನಸ್ಸಿನಿಂದ ಬಂದ. ಇಂಜಿನ್ ನಡೆದೇ ಇತ್ತು. ಸಲಾಕೆಯನ್ನು ಇಂಜಿನ್ನಿಗೆ ಒತ್ತಿ ಕಿವಿ ಹಚ್ಚಿದ, ಕಣ್ಣು ಮುಚ್ಚಿದ. ಅವನ ಹುಬ್ಬು ಕೂಡಿದವು. ಸಲಾಕೆಯನ್ನು ಒಂದು ಇಂಜೆಕ್ಟರಿನಿಂದ ಇನ್ನೊಂದಕ್ಕೆ ಸರಿಸಿದ, ಮತ್ತೊಂದಕ್ಕೆ ಸರಿಸಿದ. ಆಮೇಲೆ ಅವನ ಮೋರೆಯ ಮೇಲೆ ಒಂದು ನಗು ಬಂತು. ಸಗೀರಾ ಹೋದ ಮೇಲೆ ಅಂಥ ನಗುವನ್ನು ನಾನು ಕಂಡಿರಲಿಲ್ಲ.

"ಕೇಳಾಕತ್ತೈತ್ರಿ ಮಾಸ್ತರ!" ಎಂದು ಕೂಗಿದ. "ಯಾ ಅಲ್ಲಾ, ಕೇಳಾಕತ್ತೈತಿ! ಕಟಕಟ ಕಟಕಟ ಬಡಿಯಾಕತ್ತೈತಿ ನೋಡ್ರಿ. ಡೀಸೆಲ್ ಅಳತಿ ಮೀರಿ ಬೀಳಾಕತ್ತೈತಿ. ಒತ್ತಡ ಜಾಸ್ತಿ ಐತಿ. ನನ್ನ ಕಿವಿ ಅದಾವ್ರಿ, ಎಲ್ಲಿಗೂ ಹೋಗಿಲ್ಲ!"

ಅವನ ಕಣ್ಣಲ್ಲಿ ನೀರು ಬಂದಿತ್ತು. ನಾನೂ ನಕ್ಕೆ, ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಅವನ ಕೈ ಆಗಲೇ ಒತ್ತಡದ ಸೆನ್ಸರ್ ಹುಡುಕುತ್ತ ಹೋಗಿತ್ತು. ಇರಬಾರದ ಒಂದು ವೈರು ಬೆರಳಿಗೆ ಸಿಕ್ಕಿತು. ಅದನ್ನು ಹಿಡಿದುಕೊಂಡು ಹಿಂದೆ ಹಿಂದೆ ಹೋಗಿ, ಬ್ಯಾಟರಿಯ ಸಂದಿನಿಂದ ಕರಿಯ ಡಬ್ಬಿಯನ್ನು ಹೊರಗೆ ತೆಗೆದ. ಇಂಜಿನ್ ಬಂದ್ ಮಾಡಿದ. ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ನಿಂತ.

"ಯಾವಾಗ ಹಾಕಿಸಿದ್ರಿ ಇದನ?"

"ಹನ್ನೊಂದ ತಿಂಗಳಾತು."

"ನನ್ನ ಕಡೆ ಬರೂಮುಂದ?"

"ಬಿಚ್ಚಿ ಬರ್ತಿದ್ವಿ. ಬೇವಿನ ಗಿಡದ ಕೆಳಗ."

"ಉಳದ ಗಾಡಿನೂ?"

"ಎಲ್ಲಾ ಗಾಡಿನೂ."

ಅವನು ಡಬ್ಬಿಯನ್ನು ಮಗುಚಿ ನೋಡಿದ. "ಕಿವಿ ಡಾಕ್ಟರ್ ಕಡೆ ಹೋಗಿದ್ವೆಲ್ಲಾ, ಅವಾಗನೂ ನಿಮಗ ಗೊತ್ತಿತ್ತು?"

"ಗೊತ್ತಿತ್ತು" ಎಂದೆ.

ಈಗ ಬರುತ್ತದೆ, ಈಗ ಸಿಡಿಯುತ್ತಾನೆ ಎಂದು ತಲೆ ತಗ್ಗಿಸಿ ನಿಂತೆ. ಸುತ್ತಿಗೆ ಅಲ್ಲೇ ಕಾಲಬಳಿ ಬಿದ್ದಿತ್ತು. ಅವನು ಅದನ್ನು ಮುಟ್ಟಲಿಲ್ಲ. ಅಡುಗೆಮನೆಯ ಕಿಡಕಿಯ ಕಡೆ ನೋಡುತ್ತಿದ್ದ.

"ಅಕಿ ಇದ್ದಿದ್ರ ಅಕಿ ಮುಂದ ಹೇಳತಿದ್ರಿ, ಹೌದಿಲ್ರಿ?"

"ಹೇಳತಿದ್ದೆ, ಮಿಸ್ತ್ರಿ. ಮೊದಲನೇ ದಿನಾನ ಹೇಳತಿದ್ದೆ."

ಅವನು ತಲೆಯಾಡಿಸಿದ. "ನನ್ನ ಕಿವಿ ಹೋಗಿದ್ರನ ಚೊಲೊ ಇತ್ತ್ರಿ ಮಾಸ್ತರ" ಎಂದ.

"ಬೈಯಿ ಮಿಸ್ತ್ರಿ. ನನಗ ಬಾಯಿಗೆ ಬಂದಂಗ ಬೈಯಿ. ಹುಚ್ಚಖೋಡಿ ಅನ್ನು, ಹತ್ತ ಮಂದಿನ ಕರದು ಅನ್ನು" ಎಂದು ಅವನ ಕೈ ಹಿಡಿದೆ. ನಾಚಿಕೆಯಿಲ್ಲದೆ ಅಳುತ್ತಿದ್ದೆ ಎಂದು ಹೇಳಿಬಿಡುತ್ತೇನೆ.

"ಛೆ ಛೆ, ಬಿಡ್ರಿ. ನೀವ ದೊಡ್ಡವರು" ಎಂದು ಮೆಲ್ಲಗೆ ಕೈ ಬಿಡಿಸಿಕೊಂಡ. ಡಬ್ಬಿಯನ್ನು ಬಟ್ಟೆಯಿಂದ ಒರೆಸಿ ಸೀಟಿನ ಮೇಲಿಟ್ಟ. ಚೀಲದಿಂದ ಪಾನಾ ತೆಗೆದು ಇಂಜೆಕ್ಟರ್ ಬಿಚ್ಚತೊಡಗಿದ.

ಅವನು ಸಿಂದಗಿಗೆ ಹೋಗಲಿಲ್ಲ. ಗ್ಯಾರೇಜ್ ನಡೆದೇ ಇದೆ. ಸುದ್ದಿ ಹಬ್ಬಿ ಈಗ ಬೇವಿನ ಗಿಡದ ಕೆಳಗೆ ಯಾರೂ ಗಾಡಿ ನಿಲ್ಲಿಸುವುದಿಲ್ಲ, ಡಬ್ಬಿ ಸಮೇತ ಬರುತ್ತಾರೆ. ಅವನು ಸಲಾಕೆ ಹಚ್ಚಿ ಕೇಳುತ್ತಾನೆ, ಡಬ್ಬಿ ತೆಗೆದು ಮಾಲೀಕನ ಕೈಗೆ ಕೊಡುತ್ತಾನೆ, ಕೆಲಸ ಮುಗಿಸಿ ಕಳಿಸುತ್ತಾನೆ. ಯಾರಿಗೂ ಒಂದು ಗಡಸು ಮಾತಿಲ್ಲ, ಎಲ್ಲರಿಗೂ "ರೀ". "ಮಿಸ್ತ್ರಿ ಈಗ ಭಾಳ ಶಾಂತ ಆಗ್ಯಾನ್ರಿ, ಬಂಗಾರದಂಥಾ ಮನಶ್ಯಾ" ಎಂದು ಯುನೂಸನೂ ಹೊಗಳುತ್ತಾನೆ. ಹಾಗೆ ಹೊಗಳಿದಾಗಲೆಲ್ಲ ನನಗೆ ಅವನ ಕಪಾಳಕ್ಕೆ ಎರಡು ಬಾರಿಸಬೇಕು ಎನ್ನಿಸುತ್ತದೆ.

ನಾನು ಈಗಲೂ ವಾರಕ್ಕೆ ಮೂರು ಸಲ ಹೋಗುತ್ತೇನೆ. "ಬರ್ರಿ ಮಾಸ್ತರ, ಕೂಡ್ರಿ" ಎನ್ನುತ್ತಾನೆ, ಕುರ್ಚಿ ಒರೆಸಿ ಕೊಡುತ್ತಾನೆ. ಮಳೆ, ಲಿಂಬೆಯ ರೇಟು, ನನ್ನ ಮಂಡಿನೋವು ಎಲ್ಲ ಕೇಳುತ್ತಾನೆ. ಅಮೀನಾಬಿಯ ಅಂಗಡಿಯಿಂದ ಚಹಾ ಬರುತ್ತದೆ. ಎರಡು ಕಪ್ಪು ಬರುತ್ತವೆ. ಒಂದನ್ನು ನನ್ನ ಮುಂದೆ ಇಡುತ್ತಾನೆ, ತುಂಬಿದ ಕಪ್ಪು.